ಎಳನೀರು ಒಯ್ಯುವ ಮುನ್ನ: ಕಿಡ್ನಿಯ ಬಗ್ಗೆ ಎರಡು ಮಾತು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನನ್ನನ್ನು ಸಂಘಟಕರು ಕಂಪ್ಯೂಟರ್ ಬಗ್ಗೆ ಮಾತಾಡಲು ಕರೆದರು. ಅವರ ಒಪ್ಪಿಗೆ ಪಡೆದು ಕಿಡ್ನಿಯ ಬಗ್ಗೆ ಮಾತಾಡುತ್ತೇನೆ. ನಾನು ವೈದ್ಯನಲ್ಲ. ನನ್ನ ಸೋದರಮಾವ ಎರಡು ವರ್ಷದಿಂದ ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುತ್ತಾರೆ. ಅವರ ಜೊತೆ ಓಡಾಡಿ, ಡಾಕ್ಟರುಗಳನ್ನು ಕೇಳಿ ತಿಳಿದದ್ದನ್ನು ನಮ್ಮೂರಿಗೆ ಹೇಳಬೇಕೆನಿಸಿತು.

ಇದೇ ಶಾಲೆಯಲ್ಲಿ ನಾವು ನೆಫ್ರಾನ್ ಚಿತ್ರ ಬರೆದಿದ್ದೇವೆ. ಒಂದೊಂದು ಕಿಡ್ನಿಯಲ್ಲಿ ಅಂಥವು ಸುಮಾರು 10 ಲಕ್ಷ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ; ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೋಗುತ್ತದೆ. ಕೆಲವು ನೆಫ್ರಾನು ಹಾಳಾದರೆ ಉಳಿದವು ಅವುಗಳ ಪಾಲನ್ನೂ ದುಡಿಯುತ್ತವೆ. ಆದ್ದರಿಂದ ಅರ್ಧ ಶಕ್ತಿ ಹೋದರೂ ನೋವಿರುವುದಿಲ್ಲ. ಕಾಲು ಮುಖ ಊದುವುದು, ಮೂತ್ರದಲ್ಲಿ ನೊರೆ, ಊಟ ಸೇರದಿರುವುದು, ಸುಸ್ತು, ತುರಿಕೆ ಕಾಣುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತದೆ.

ನಮ್ಮ ಕೆಲಸದಲ್ಲಿ ಸರ್ವರ್ ನಿಂತ ಮೇಲೆ ನೋಡೋಣ ಎಂದು ಕೂರುವುದಿಲ್ಲ, ಓಡುತ್ತಿರುವಾಗಲೇ ಅಳೆಯುತ್ತಿರುತ್ತೇವೆ. ಕಿಡ್ನಿಗೂ ಅದೇ ದಾರಿ. ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಅಲ್ಬುಮಿನ್, ಈ ಎರಡು ಪರೀಕ್ಷೆ ಸಾಕು ಸುಳಿವು ಸಿಗಲು. ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ವರ್ಷಕ್ಕೊಮ್ಮೆ ಮಾಡಿಸಲೇಬೇಕು. ಕಿಡ್ನಿಯನ್ನು ಹೆಚ್ಚು ಕೆಡಿಸುವುದು ಈ ಎರಡೇ. ಜೊತೆಗೆ ನೋವಿನ ಮಾತ್ರೆ. ಮಾವನಿಗೆ ಬಿ.ಪಿ. ಇತ್ತು, ಗೊತ್ತಿರಲಿಲ್ಲ. ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ ತಂದು ವರ್ಷಗಟ್ಟಲೆ ನುಂಗಿದರು.

ಇನ್ನು ಊಟ. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚದೊಳಗೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ತಿಂಡಿಯ ಉಪ್ಪೂ ಅದರಲ್ಲೇ ಸೇರಬೇಕು.

ಮುಖ್ಯವಾದದ್ದು ಮುಂದಿದೆ. ಆರೋಗ್ಯವಂತರಿಗೆ ಒಳ್ಳೆಯದಾದ ಆಹಾರ ಕಿಡ್ನಿ ಸೋತವರಿಗೆ ವಿಷವಾಗಬಹುದು. ಮಾವನನ್ನು ನೋಡಲು ಬರುವವರೆಲ್ಲ ಪ್ರೀತಿಯಿಂದ ಎಳನೀರು, ಬಾಳೆಹಣ್ಣು ತರುತ್ತಾರೆ. ಅವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ಸೋತ ಕಿಡ್ನಿ ಅದನ್ನು ಹೊರಹಾಕಲಾರದು; ರಕ್ತದಲ್ಲಿ ಏರಿದರೆ ಹೃದಯವೇ ನಿಲ್ಲಬಹುದು. ಕಡಿಮೆ ಸೋಡಿಯಂ ಎಂದು ಮಾರುವ ಉಪ್ಪಿನಲ್ಲೂ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ನಕ್ಷತ್ರದಾಕಾರದ ಧಾರೆಹುಳಿಯಂತೂ ಇವರಿಗೆ ಬೇಡವೇ ಬೇಡ. ನೀರು ಎಷ್ಟು, ಬೇಳೆ ಮೊಟ್ಟೆ ಎಷ್ಟು ಎಂಬುದನ್ನೂ ರಿಪೋರ್ಟ್ ನೋಡಿ ಡಾಕ್ಟರೇ ಹೇಳಬೇಕು; ಪಕ್ಕದ ಮನೆಯವರಾಗಲಿ ಮೊಬೈಲ್ ಸಂದೇಶವಾಗಲಿ ಅಲ್ಲ. ಕಿಡ್ನಿ ಶುದ್ಧಿ ಮಾಡುತ್ತದೆಂದು ಹೇಳಿ ಕೊಡುವ ಕಷಾಯ, ಪುಡಿಗಳನ್ನೂ ಕೇಳದೆ ತೆಗೆದುಕೊಳ್ಳಬೇಡಿ.

ಹೊರಗಿನಿಂದ ಬಂದಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಬಸ್ಸು ಹತ್ತುವ ಮುನ್ನ ಅಪ್ಪ ಅಮ್ಮನ ಬಿ.ಪಿ., ಸಕ್ಕರೆ ಮತ್ತು ಆ ಎರಡು ಪರೀಕ್ಷೆ ಮಾಡಿಸಿ. ಅವರ ಮಾತ್ರೆಯ ಡಬ್ಬಿಯನ್ನೂ ಒಮ್ಮೆ ತೆರೆದು ನೋಡಿ. ಊರವರಲ್ಲೂ ಒಂದು ವಿನಂತಿ: ಕಿಡ್ನಿ ರೋಗಿಯನ್ನು ನೋಡಲು ಬರಿಗೈಯಲ್ಲೇ ಬನ್ನಿ, ಸ್ವಲ್ಪ ಹೊತ್ತು ಕೂತು ಮಾತಾಡಿ. ಅಷ್ಟೇ ಸಾಕು.