ಹತ್ತು ವರ್ಷಗಳ ಅನಂತರದ ಗೆಲುವು



ಬಿತ್ತನೆಯ ಹದ ತಪ್ಪಿದ ಹೊಲಕ್ಕೆ ಆಮೇಲೆ ಎಷ್ಟು ಮಳೆ ಬಂದರೇನು ಎಂದು ನಮ್ಮ ಒಕ್ಕಲಿಗರು ಹೇಳುವುದುಂಟು. ಆಟಗಾರನ ಪ್ರಾಯಕ್ಕೂ ಈ ಮಾತು ಸಲ್ಲುತ್ತದೆಂದೇ ಎಲ್ಲರೂ ತಿಳಿದಿರುವಾಗ, ಅದನ್ನು ಸುಳ್ಳುಮಾಡಿದ ಇಟಲಿಯ ಸೈಕಲ್ ಸವಾರ ಗೀನೋ ಬಾರ್ತಾಲಿಯ ವೃತ್ತಾಂತವನ್ನು ತಮ್ಮ ಮುಂದಿಡುತ್ತೇನೆ.

ಫ್ರಾನ್ಸ್ ದೇಶದಲ್ಲಿ ನಡೆಯುವ ‘ಟೂರ್ ದ ಫ್ರಾನ್ಸ್’ ಒಂದು ದಿನದ ಪಂದ್ಯವಲ್ಲ. ವಾರಗಟ್ಟಲೆ ಓಡಿ, ದಿನದಿನದ ಕಾಲವನ್ನು ಕೂಡಿಸಿದಾಗ ಯಾರ ಮೊತ್ತ ಕಡಮೆಯೋ ಅವನೇ ವಿಜಯಿ; ಅಂದಂದಿಗೆ ಮುಂದಿರುವವನಿಗೆ ಹಳದಿ ಅಂಗಿ. ಬಾರ್ತಾಲಿ ಇದನ್ನು 1938ರಲ್ಲಿ, ತನ್ನ 24ನೆಯ ವಯಸ್ಸಿನಲ್ಲಿ ಗೆದ್ದನು. ಬಳಿಕ ಯುದ್ಧ ಬಂದಿತು. 1940ರಿಂದ 1946ರವರೆಗೆ ಪಂದ್ಯವೇ ನಿಂತುಹೋಯಿತು. ಸವಾರನ ಕಾಲಿನಲ್ಲಿ ಕಸುವು ತುಂಬಿರುವ ವರ್ಷಗಳೆಲ್ಲ ಹೀಗೆ ಕಳೆದುವು.

1948ರಲ್ಲಿ ಅವನು ಅದೇ ಪಂದ್ಯಕ್ಕೆ ಮರಳಿದಾಗ 34 ತುಂಬುತ್ತಲಿತ್ತು. ಕಾನ್ ಪಟ್ಟಣವನ್ನು ಸೇರುವಷ್ಟರಲ್ಲಿ ಫ್ರಾನ್ಸಿನ 23 ವರ್ಷದ ತರುಣ ಲೂಯಿಸಾನ್ ಬೊಬೆ ಅವನಿಗಿಂತ 21 ನಿಮಿಷಕ್ಕೂ ಹೆಚ್ಚು ಮುಂದಿದ್ದನು. ಜುಲೈ 14ರಂದು ರೋಮಿನಲ್ಲಿ ಕಮ್ಯೂನಿಸ್ಟ್ ನಾಯಕ ತೊಲ್ಯಾತ್ತಿಯವರ ಮೇಲೆ ಗುಂಡು ಹಾರಿತು. ಇಟಲಿಯೆಲ್ಲ ಮುಷ್ಕರ, ದೊಂಬಿ. ಪ್ರಧಾನಿ ದೆ ಗಾಸ್ಪೆರಿಯವರೇ ಬಾರ್ತಾಲಿಗೆ ದೂರವಾಣಿಯಲ್ಲಿ ಗೆಲ್ಲಬೇಕೆಂದು ಕೇಳಿಕೊಂಡರೆಂದು ಹೇಳುತ್ತಾರೆ.

ಮರುದಿನ ಕಾನ್‌ನಿಂದ ಬ್ರಿಯಾನ್ಸನ್‌ಗೆ 274 ಕಿಲೋಮೀಟರು. ನಡುವೆ ಅಲೋಸ್, ವಾರ್, ಇಝೋಆರ್ ಎಂಬ ಆಲ್ಪ್ಸ್ ಪರ್ವತದ ಮೂರು ಕಣಿವೆದಾರಿಗಳು. ಕಡೆಯದು 2,360 ಮೀಟರು ಎತ್ತರ. ಮಳೆ, ಕೊರೆಯುವ ಚಳಿ, ಕೆಸರು. ಅವನ ಸೈಕಲ್ಲಿನ ಗೇರನ್ನು ಬದಲಿಸುವುದೆಂದರೆ ಹಿಂದಕ್ಕೆ ಕೈಚಾಚಿ ಒಂದು ಹಿಡಿಯಿಂದ ಹಿಂಗಾಲಿಯನ್ನು ಸಡಿಲಿಸಿ, ಪೆಡಲನ್ನು ಹಿಮ್ಮುಖವಾಗಿ ತಿರುಗಿಸುತ್ತ ಇನ್ನೊಂದು ಹಿಡಿಯಿಂದ ಸರಪಳಿಯನ್ನು ಸರಿಸಿ, ಮತ್ತೆ ಗಾಲಿಯನ್ನು ಬಿಗಿಯಬೇಕು! ಮರಗಟ್ಟಿದ ಬೆರಳುಗಳಿಂದ, ಏರುದಾರಿಯಲ್ಲಿ. ಆ ಸಂಜೆ ಬಾರ್ತಾಲಿ ಒಬ್ಬನೇ ಮುಂದಾಗಿ ಬ್ರಿಯಾನ್ಸನ್ ಸೇರಿದನು. ಬೊಬೆಯ 21 ನಿಮಿಷ ಸುಮಾರು ಒಂದು ನಿಮಿಷಕ್ಕೆ ಇಳಿದಿತ್ತು. ಮಾರನೆಯ ದಿನವೂ ಬಾರ್ತಾಲಿಯೇ ಮೊದಲಿಗ. ಹಳದಿ ಅಂಗಿ ಅವನದಾಯಿತು. ಲೋಸಾನಿನಲ್ಲಿ ಮೂರನೆಯ ಸಲವೂ ಅವನೇ. 4,922 ಕಿಲೋಮೀಟರು ಮುಗಿಸಿ ಪ್ಯಾರಿಸ್ ತಲಪಿದಾಗ ಎರಡನೆಯವನಾದ ಬೆಲ್ಜಿಯಮಿನ ಬ್ರೀಕ್ ಸ್ಖೋಟೆಗಿಂತ 26 ನಿಮಿಷ ಮುಂದಿದ್ದನು. ಹೊರಟವರು 120, ಮುಟ್ಟಿದವರು 44.

ಈ ಗೆಲುವೇ ಇಟಲಿಯನ್ನು ಅಂತರ್ಯುದ್ಧದಿಂದ ಉಳಿಸಿತೆಂದು ಕೆಲವರು ಬರೆದಿದ್ದಾರೆ. ನನಗೆ ಅದು ಅತಿಯೆಂದು ತೋರುತ್ತದೆ. ತೊಲ್ಯಾತ್ತಿಯವರು ಬದುಕಿಕೊಂಡರು, ಅವರ ಪಕ್ಷದ ನಾಯಕರು ಜನರನ್ನು ತಡೆದರು. ಅಷ್ಟನ್ನೂ ಸೈಕಲ್ಲಿನ ಮೇಲೆ ಹೇರುವುದೇಕೆ? ಇಝೋಆರ್ ಏರಿದ ಶ್ರಮಕ್ಕೆ ಅದರ ಹಂಗಿಲ್ಲ.

ಯುದ್ಧಕಾಲದಲ್ಲಿ ಯೆಹೂದ್ಯರನ್ನು ರಕ್ಷಿಸುವುದಕ್ಕಾಗಿ ಸುಳ್ಳು ಗುರುತಿನ ಪತ್ರಗಳನ್ನು ಸೈಕಲ್ಲಿನಲ್ಲಿ ಅಡಗಿಸಿ ಸಾಗಿಸಿದನೆಂದು ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ 2013ರಲ್ಲಿ ಅವನನ್ನು ಗೌರವಿಸಿತು. ಅವನು ತೀರಿಕೊಂಡು 13 ವರ್ಷಗಳಾಗಿದ್ದುವು. ಬದುಕಿದ್ದಾಗ ಈ ವಿಷಯವನ್ನು ಅವನು ಎತ್ತಿದ್ದು ಅಪರೂಪ.

ಇನ್ನು ಬೊಬೆಗಾಗಿ ಯಾರೂ ಮರುಗಬೇಕಾಗಿಲ್ಲ. 1953, 1954, 1955ರಲ್ಲಿ ಸತತವಾಗಿ ಮೂರು ಸಲ ಆ ಪಂದ್ಯವನ್ನು ಅವನು ಗೆದ್ದನು.