ಬ್ಯಾಂಕಾಕಿನಲ್ಲಿ ಅರ್ಧ ದಿನ

ಒಂದು ಮಹಾನಗರವನ್ನು ಅರ್ಧ ದಿನದಲ್ಲಿ ನೋಡಲಾದೀತೆ ಎಂದು ಕೇಳಿದರೆ ಯಾರಾದರೂ ಇಲ್ಲವೆಂದೇ ಹೇಳುವರು. ಆದರೂ ಇಂದಿನ ಪ್ರವಾಸಿಗೆ ಬಹುಮಟ್ಟಿಗೆ ಒದಗುವುದು ಅರ್ಧ ದಿನವೇ. ಒಂದು ವಿಮಾನ ಇಳಿದು ಇನ್ನೊಂದನ್ನು ಹಿಡಿಯುವ ನಡುವಿನ ಬಿಡುವು, ಕೆಲಸದ ಮೇಲೆ ಹೋದವರಿಗೆ ಕೊನೆಯಲ್ಲಿ ಉಳಿಯುವ ಒಂದು ಬೆಳಗು: ಇಷ್ಟರಲ್ಲಿ ಕಂಡದ್ದೇ ಕಾಣ್ಕೆ. ಇಂಥ ಅರ್ಧ ದಿನವನ್ನು ಕಳೆಯಲು ಎರಡು ದಾರಿಗಳುಂಟು. ನಲವತ್ತು ಜನರ ಬಸ್ಸಿನಲ್ಲಿ ಕುಳಿತು, ಬಾವುಟ ಹಿಡಿದವನ ಹಿಂದೆ ನಡೆದು, ಗಂಟೆ ಬಾರಿಸಿದಾಗ ಹತ್ತಿ ಇಳಿಯುವುದು ಒಂದು. ನಮಗಾಗಿಯೇ ಒಂದು ವಾಹನವನ್ನೂ ಒಬ್ಬ ಮಾರ್ಗದರ್ಶಿಯನ್ನೂ ಗೊತ್ತುಮಾಡಿಕೊಳ್ಳುವುದು ಇನ್ನೊಂದು. ಎರಡನೆಯದಕ್ಕೆ ಖರ್ಚು ಹೆಚ್ಚು. ಆದರೆ ಅಲ್ಲಿ ನಿಲ್ಲಬೇಕೆನಿಸಿದಲ್ಲಿ ನಿಲ್ಲಬಹುದು, ಕೇಳಬೇಕೆನಿಸಿದ್ದನ್ನು ಕೇಳಬಹುದು. ನಾನೂ ನನ್ನ ಪತ್ನಿಯೂ ಈ ಎರಡನೆಯ ದಾರಿಯಲ್ಲಿ ಬ್ಯಾಂಕಾಕ್ ನಗರದ ಒಂದು ಪೂರ್ವಾಹ್ನವನ್ನು ಕಳೆದೆವು. ಅದನ್ನು ನೆಪವಾಗಿಟ್ಟುಕೊಂಡು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಭಾರತೀಯನಿಗೆ ಬ್ಯಾಂಕಾಕ್ ಪರದೇಶವೆನಿಸುವುದೇ ಕಷ್ಟ. 2006ರಲ್ಲಿ ತೆರೆದ ಅಲ್ಲಿನ ದೊಡ್ಡ ವಿಮಾನನಿಲ್ದಾಣದ ಹೆಸರು ಸುವರ್ಣಭೂಮಿ. ಒಳಗೆ ಕಾಲಿಟ್ಟರೆ ದೇವದಾನವರು ವಾಸುಕಿಯನ್ನು ಹಿಡಿದೆಳೆಯುತ್ತಿರುವ ಸಮುದ್ರಮಥನದ ಬೃಹತ್ ಶಿಲ್ಪ. ನಗರಕ್ಕೆ ಅಲ್ಲಿಯ ಜನ ಬ್ಯಾಂಕಾಕ್ ಎನ್ನುವುದಿಲ್ಲ. ‘ಕ್ರುಂಗ್ ಥೇಪ್’ ಎನ್ನುತ್ತಾರೆ. ಥೇಪ್ ಎಂದರೆ ನಮ್ಮ ‘ದೇವ’ ಶಬ್ದವೇ. ದೇವನಗರಿ ಎಂದು ಅರ್ಥ. ಇದು ಮೊಟಕು ಹೆಸರು. ಪೂರ್ಣನಾಮವು ಜಗತ್ತಿನ ಊರ ಹೆಸರುಗಳಲ್ಲೆಲ್ಲ ಅತಿ ಉದ್ದವಾದದ್ದೆಂದು ಪ್ರಸಿದ್ಧ. ಅದನ್ನು ಬಿಡಿಸಿ ನೋಡಿದರೆ ಮಹಾನಗರ, ಅಮರ, ರತ್ನ, ಮಹೇಂದ್ರ, ನವರತ್ನ, ರಾಜಧಾನಿ, ಪುರಿ, ರಮ್ಯ, ಉತ್ತಮ, ರಾಜನಿವೇಶನ ಎಂದು ಸಂಸ್ಕೃತ, ಪಾಲಿ ಪದಗಳ ಸಾಲೇ ಸಾಲು. ಇಂದ್ರನು ಕೊಟ್ಟದ್ದು, ವಿಶ್ವಕರ್ಮನು ಕಟ್ಟಿದ್ದು ಎಂಬಲ್ಲಿಗೆ ಹೆಸರು ಮುಗಿಯುತ್ತದೆ.

ಓದುವಾಗ ಇಷ್ಟು ನಮ್ಮದೆನಿಸುವ ಈ ಹೆಸರನ್ನು ಅವರ ಬಾಯಲ್ಲಿ ಕೇಳಿದಾಗ ಬೇರೆಯೇ ಅನುಭವ. ನಗರವು ‘ನಖೋನ್’ ಆಗುತ್ತದೆ. ಅಮರ ‘ಅಮೋನ್’ ಆಗುತ್ತದೆ. ರಮ್ಯ ‘ರೊಮ್’, ಉತ್ತಮ ‘ಉಡೊಮ್’. ದೂರವಾಣಿಗೆ ಅವರು ಕಟ್ಟಿಕೊಂಡ ಪದ ‘ದೂರಶಬ್ದ’, ಉಚ್ಚಾರಣೆ ‘ಥೋರಸಪ್’. ಈ ಪದದ ಕೊನೆಯ ಅಕ್ಷರವನ್ನು ಅವರು ಬಿಡದೆ ಬರೆಯುತ್ತಾರೆ, ಆದರೆ ನುಡಿಯುವುದಿಲ್ಲ. ನುಡಿಯಬಾರದೆಂದು ತಿಳಿಸಲು ಅಕ್ಷರದ ನೆತ್ತಿಯ ಮೇಲೊಂದು ಪುಟ್ಟ ಗುರುತನ್ನು ಹಾಕುತ್ತಾರೆ. ಕಣ್ಣಿಗೆ ಸಂಸ್ಕೃತ, ಕಿವಿಗೆ ತಾಯ್. ಪದವು ಎಲ್ಲಿಂದ ಬಂದಿತೆಂಬ ನೆನಪನ್ನು ಬರವಣಿಗೆ ಉಳಿಸಿಕೊಂಡಿದೆ. ಅದು ಈಗ ಯಾರದೆಂಬುದನ್ನು ನಾಲಗೆ ಹೇಳುತ್ತಿದೆ. ಆ ಬೆಳಗಿನಲ್ಲಿ ನಾವು ನೋಡಿದ ದೇಗುಲಗಳಿಗೂ ಚಿತ್ರಗಳಿಗೂ ಈ ಮಾತು ಅಷ್ಟೇ ಒಪ್ಪುತ್ತದೆ.

ನಮ್ಮ ಮಾರ್ಗದರ್ಶಿ ನಡುವಯಸ್ಸಿನ ಒಬ್ಬ ಮಹಿಳೆ. ಆ ದೇಶದಲ್ಲಿ ಮಾರ್ಗದರ್ಶಿಯ ಕೆಲಸ ಅಲ್ಲಿನ ಪ್ರಜೆಗಳಿಗೇ ಮೀಸಲು. ಅದಕ್ಕೆ ಸರ್ಕಾರದ ಪರವಾನಗಿಯೂ ಬೇಕು. ಕೊರಳಲ್ಲಿ ಆ ಪರವಾನಗಿಯ ಚೀಟಿಯನ್ನು ಧರಿಸಿ ಹೋಟೆಲಿನ ಬಾಗಿಲಿಗೆ ಬಂದ ಆಕೆ ಮೊದಲು ನಮ್ಮ ಉಡುಪನ್ನು ನೋಡಿದರು. ಅರಮನೆಯ ಆವರಣದಲ್ಲಿ ಭುಜವೂ ಮೊಣಕಾಲೂ ಮುಚ್ಚಿರಬೇಕು. ನನ್ನ ಪತ್ನಿಯ ಸೀರೆಯನ್ನು ಕಂಡು ಮೆಚ್ಚಿ ತಲೆದೂಗಿದರು. ಆಮೇಲೆ ಕಾರ್ಯಕ್ರಮದ ಪಟ್ಟಿಯನ್ನು ತೆಗೆದರು. ಅದರಲ್ಲಿ ಐದು ಸ್ಥಳಗಳಿದ್ದವು. “ಐದಕ್ಕೂ ಹೋಗಬಹುದು, ಆದರೆ ಎಲ್ಲಿಯೂ ನಿಲ್ಲಲಾಗದು. ಮೂರು ಸಾಕೆಂದರೆ ನೋಡಿಕೊಂಡು ಬರಬಹುದು” ಎಂದರು. ಮೂರೇ ಸಾಕೆಂದೆವು. ಅರ್ಧ ದಿನದ ಪ್ರವಾಸದಲ್ಲಿ ತೆಗೆದುಕೊಳ್ಳಬೇಕಾದ ಮುಖ್ಯ ತೀರ್ಮಾನವೆಂದರೆ ಇದೇ. ಅದನ್ನು ಹೊರಡುವ ಮೊದಲೇ ತೆಗೆದುಕೊಳ್ಳುವುದು ಒಳ್ಳೆಯದು.

1767ರಲ್ಲಿ ಬರ್ಮೀಯರ ದಾಳಿಗೆ ಸಿಕ್ಕಿ ಹಳೆಯ ರಾಜಧಾನಿ ಅಯುಧ್ಯಾ ನಾಶವಾಯಿತು. ಬಳಿಕ ಕೆಲವು ವರ್ಷ ಚಾವೊ ಫ್ರಯಾ ನದಿಯ ಪಶ್ಚಿಮ ದಡದ ಥೋನ್‌ಬುರಿಯಿಂದ ಆಳ್ವಿಕೆ ನಡೆಯಿತು. 1782ರಲ್ಲಿ ಈಗಿನ ಚಕ್ರೀ ವಂಶದ ಮೊದಲ ಅರಸು ಪೂರ್ವ ದಡದಲ್ಲಿ ಹೊಸ ನಗರಕ್ಕೆ ಅಸ್ತಿಭಾರ ಹಾಕಿದ. ಈ ವಂಶದ ಅರಸರನ್ನು ಒಂದನೆಯ ರಾಮ, ಎರಡನೆಯ ರಾಮ ಎಂದು ಎಣಿಸುವುದು ರೂಢಿ. ಕಳೆದುಹೋದ ಊರನ್ನು ಮತ್ತೆ ಕಟ್ಟಿಕೊಳ್ಳುವ ಹಂಬಲ ಆ ಒಂದನೆಯ ರಾಮನದು. ಅರಮನೆಯೊಂದಿಗೆ ದೇವಾಲಯ ಎದ್ದಿತು. 1784ರಲ್ಲಿ ಅದರೊಳಗೆ ಪಚ್ಚೆಯ ಬುದ್ಧ ಎಂದು ಹೆಸರಾದ ಮೂರ್ತಿ ನೆಲೆಗೊಂಡಿತು.

ಹೆಸರು ಪಚ್ಚೆ, ಕಲ್ಲು ಬೇರೊಂದು ಹಸಿರು ಶಿಲೆ. ಎತ್ತರ 66 ಸೆಂಟಿಮೀಟರು ಮಾತ್ರ. ಚಿನ್ನದ ಎತ್ತರದ ಪೀಠದ ಮೇಲೆ ದೂರದಲ್ಲಿ ಕುಳಿತ ಆ ಪುಟ್ಟ ಮೂರ್ತಿಯನ್ನು ಕಾಣಲು ಕತ್ತು ನೀಳ ಮಾಡಬೇಕು. 1434ರಲ್ಲಿ ಉತ್ತರದ ಚಿಯಾಂಗ್ ರಾಯ್ ಊರಿನಲ್ಲಿ ಸ್ತೂಪವೊಂದಕ್ಕೆ ಸಿಡಿಲು ಬಡಿದು, ಒಳಗಿದ್ದ ಗಾರೆಯ ಬುದ್ಧ ಹೊರಬಂದಿತೆಂದೂ, ಮೂಗಿನ ಬಳಿ ಗಾರೆ ಉದುರಿ ಹಸಿರು ಕಾಣಿಸಿತೆಂದೂ ಐತಿಹ್ಯ. ವರ್ಷಕ್ಕೆ ಮೂರು ಬಾರಿ, ಬೇಸಿಗೆ, ಮಳೆ, ಚಳಿಗಾಲಗಳ ಆರಂಭದಲ್ಲಿ, ಈ ಬುದ್ಧನ ಚಿನ್ನದ ಉಡುಗೆಯನ್ನು ಬದಲಿಸುತ್ತಾರೆ. ಬದಲಿಸುವವನು ಸ್ವತಃ ಅರಸ, ಇಲ್ಲವೆ ಅವನ ಪ್ರತಿನಿಧಿ. ಸರ್ವಸಂಗ ಪರಿತ್ಯಾಗಿಗೆ ಋತುಮಾನದ ಉಡುಗೆಯೇ ಎಂದು ನಾವು ಅಚ್ಚರಿಪಡಬಹುದು. ಆದರೆ ಮಳೆಯನ್ನು ನಂಬಿದ ಭತ್ತದ ನಾಡಿನಲ್ಲಿ ಅರಸನೂ ಬುದ್ಧನೂ ಋತುವೂ ಒಂದೇ ಸಂಬಂಧದ ಮೂರು ಎಳೆಗಳು.

ಆ ಆಲಯದ ಸುತ್ತಲಿನ ಪೌಳಿಯ ಗೋಡೆಗಳ ಮೇಲೆ 178 ಫಲಕಗಳಲ್ಲಿ ಇಡೀ ರಾಮಕಥೆಯನ್ನು ಬರೆದಿದ್ದಾರೆ. ಇದು ‘ರಾಮಾಕಿಯನ್’, ಎಂದರೆ ರಾಮಕೀರ್ತಿ. ಒಂದನೆಯ ರಾಮನು 1797ರಲ್ಲಿ ರಚನೆ ಮಾಡಿಸಿದ ಕಾವ್ಯವೇ ಇದಕ್ಕೆ ಆಧಾರ. ರಾವಣ ಇಲ್ಲಿ ‘ತೊತ್ಸಕನ್’, ಅಂದರೆ ದಶಕಂಠ, ಮೈಬಣ್ಣ ಹಸಿರು. ವಿಭೀಷಣ ‘ಫಿಫೇಕ್’. ಹನುಮಂತ ಬಿಳಿಯ ಕಪಿ. ನಮ್ಮ ಪ್ರವಾಸಿಗರು ಈ ಪೌಳಿಗೆ ಬಂದೊಡನೆ ಮುಖ ಅರಳಿಸಿ, ಇದು ನಮ್ಮದೇ ರಾಮಾಯಣವೆಂದು ಹೇಳಿ, ಪಟ ತೆಗೆದುಕೊಂಡು ಮುಂದೆ ಹೋಗುವುದನ್ನು ಅಲ್ಲಿ ನಿಂತೇ ನೋಡಬಹುದು. ಗುರುತು ಹತ್ತಿದ ಸಂತೋಷದಲ್ಲಿ ನೋಡುವ ಕೆಲಸ ಅಲ್ಲಿಗೆ ನಿಂತುಹೋಗುತ್ತದೆ. ನಮ್ಮ ಜೊತೆಗೆ ಅವಸರಪಡಿಸುವವರು ಯಾರೂ ಇರಲಿಲ್ಲವಾಗಿ ನಾವು ಅಲ್ಲಿಯೇ ಮುಕ್ಕಾಲು ಗಂಟೆ ಉಳಿದೆವು.

ಒಂದು ಫಲಕದಲ್ಲಿ ಹನುಮಂತ ಸಮುದ್ರದ ನಡುವೆ ಮತ್ಸ್ಯಕನ್ಯೆಯೊಬ್ಬಳನ್ನು ಹಿಡಿದಿದ್ದಾನೆ. “ಇದು ಯಾವ ಪ್ರಸಂಗ?” ಎಂದು ನನ್ನ ಪತ್ನಿ ಕೇಳಿದಳು. ಆಕೆ ಸುಪ್ಪನ್ನಮಚ್ಚಾ, ಎಂದರೆ ಸುವರ್ಣಮತ್ಸ್ಯಾ, ತೊತ್ಸಕನ್ನನ ಮಗಳು. ಸೇತುವೆಯ ಕಲ್ಲುಗಳನ್ನು ಕದ್ದೊಯ್ಯಲು ತಂದೆ ಆಕೆಯನ್ನು ಅಟ್ಟಿದ್ದಾನೆ. ಹಿಡಿಯಲು ಬಂದ ಹನುಮಂತ ಆಕೆಗೆ ಮನಸೋಲುತ್ತಾನೆ. ಇಬ್ಬರಿಗೂ ಮೀನಿನ ಬಾಲದ ಕಪಿಕುಮಾರನೊಬ್ಬ ಹುಟ್ಟುತ್ತಾನೆ. ಆಂಜನೇಯನನ್ನು ಬ್ರಹ್ಮಚಾರಿಯೆಂದೇ ಪೂಜಿಸುವ ನಾಡಿನಿಂದ ಬಂದವರಿಗೆ ಇದನ್ನು ಹೇಳುವಾಗ ಆ ಮಾರ್ಗದರ್ಶಿಯ ದನಿಯಲ್ಲಿ ತುಸು ಸಂಕೋಚವಿದ್ದಿತು. “ನಿಮ್ಮವರು ಕೆಲವರು ಇದನ್ನು ಕೇಳಿ ಬೇಸರಪಡುತ್ತಾರೆ. ನಮ್ಮಲ್ಲಿ ಸೀತೆಯೂ ತೊತ್ಸಕನ್ನನ ಮಗಳೇ. ಅದನ್ನು ಹೇಳಿದರೆ ತಪ್ಪು ಎನ್ನುತ್ತಾರೆ” ಎಂದರು.

ಆಗ ನನ್ನ ಪತ್ನಿ ಕನ್ನಡದ ಜನಪದ ಕಥೆಯೊಂದನ್ನು ಆಕೆಗೆ ಹೇಳಿದಳು. ಆ ಕಥೆಯಲ್ಲಿ ರಾವಣನೇ ಗರ್ಭ ಧರಿಸುತ್ತಾನೆ. ಸೀನಿದಾಗ ಮೂಗಿನಿಂದ ಮಗಳು ಹುಟ್ಟುತ್ತಾಳೆ. ಸೀತದ್ದರಿಂದ ಹುಟ್ಟಿದವಳಾದ್ದರಿಂದ ಆಕೆ ಸೀತೆ! ಈ ಶ್ಲೇಷೆಯನ್ನು ಇಂಗ್ಲಿಷಿನಲ್ಲಿ ವಿವರಿಸುವುದು ಸುಲಭವಾಗಿರಲಿಲ್ಲ. ಸೀನಿ ತೋರಿಸಿಯೇ ವಿವರಿಸಬೇಕಾಯಿತು. ಮಾರ್ಗದರ್ಶಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ ಚೀಲದಿಂದ ಪುಟ್ಟ ಪುಸ್ತಕ ತೆಗೆದು ಗುರುತು ಹಾಕಿಕೊಂಡರು. ಅಲ್ಲಿಂದ ಮುಂದೆ ಆಕೆಯ ಮಾತಿನ ಧಾಟಿಯೇ ಬದಲಾಯಿತು. ಒಪ್ಪಿಸುವ ಪಾಠ ಹೋಗಿ ಸಂಭಾಷಣೆ ಬಂದಿತು.

ಕನ್ನಡಿಗನಿಗೆ ಈ ಗೋಡೆಗಳ ಮುಂದೆ ನಿಲ್ಲಲು ವಿಶೇಷವಾದ ಅರ್ಹತೆಯುಂಟೆಂದು ನಾನು ನಂಬುತ್ತೇನೆ. ರಾವಣನನ್ನು ಲಕ್ಷ್ಮಣನು ಕೊಲ್ಲುವ ರಾಮಕಥೆ ನಾಗಚಂದ್ರನದು. ಅದನ್ನು ನಾವು ಕಾವ್ಯವೆಂದು ಆದರದಿಂದ ಓದುತ್ತ ಬಂದಿದ್ದೇವೆ. ಹತ್ತನೆಯ ಶತಮಾನದ ಪಂಪನು ಅರ್ಜುನನಲ್ಲಿ ತನ್ನ ಅರಿಕೇಸರಿಯನ್ನು ಕಂಡ. ಭಾರತದ ಕಥೆಯೊಳಗೆ ಬನವಾಸಿಯ ನೆನಪನ್ನು ತಂದಿಟ್ಟ. ಈ ಪೌಳಿಯ ಚಿತ್ರಕಾರರು ಮಾಡಿದ್ದೂ ಅದನ್ನೇ. ಇಲ್ಲಿನ ಅಯೋಧ್ಯೆಗೆ ತಾಯ್ ಅರಮನೆಯ ಚೂಪು ಮಾಡುಗಳಿವೆ. ರಾಜರಾಣಿಯರ ಕಿರೀಟಗಳು ಅವರ ನೃತ್ಯನಾಟಕದವು. ಮಹಾಯುದ್ಧದ ಅಂಚಿನಲ್ಲಿ ಸಾಮಾನ್ಯ ಜನ ತಮ್ಮ ಪಾಡಿಗೆ ತಾವು ಇದ್ದಾರೆ. ಪರಂಪರೆಯೊಂದನ್ನು ಪಡೆದವರು ಅದರೊಳಗೆ ತಮ್ಮ ಊರನ್ನು ಕಟ್ಟಿಕೊಂಡರೆ ಮಾತ್ರ ಅದು ಉಳಿಯುತ್ತದೆ. ಪಂಪನಿಗೆ ನಾವು ಒಪ್ಪುವ ಈ ಸ್ವಾತಂತ್ರ್ಯವನ್ನು ತಾಯ್ ಜನರಿಗೆ ನಿರಾಕರಿಸುವುದು ನ್ಯಾಯವಲ್ಲ.

ಅರಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ‘ವಾಟ್ ಫೋ’ ಎಂಬ ವಿಹಾರ. ಹೊರಗಿನ ರಸ್ತೆಯಲ್ಲಿ, “ಇಂದು ಆಲಯ ಮುಚ್ಚಿದೆ, ಬೇರೆ ಕಡೆ ಕರೆದೊಯ್ಯುತ್ತೇನೆ” ಎಂದು ಹೊಸಬರನ್ನು ಒಡವೆಯ ಅಂಗಡಿಗೆ ಸಾಗಿಸುವ ಜನರಿರುತ್ತಾರೆ. ಅವರ ಮಾತಿಗೆ ಕಿವಿಗೊಡದೆ ಬಾಗಿಲವರೆಗೆ ನಡೆಯುವುದೇ ಲೇಸು. ಒಳಗೆ 46 ಮೀಟರು ಉದ್ದ, 15 ಮೀಟರು ಎತ್ತರದ ಬುದ್ಧ ಬಲಮಗ್ಗುಲಾಗಿ ಒರಗಿದ್ದಾನೆ. ಇಟ್ಟಿಗೆ ಗಾರೆಯ ಮೈ, ಮೇಲೆ ಚಿನ್ನದ ರೇಕು. 1832ರಲ್ಲಿ, ಮೂರನೆಯ ರಾಮನ ಕಾಲದಲ್ಲಿ ಆದದ್ದು. ಮೂರ್ತಿಗೆ ಅಂಗಿ ತೊಡಿಸಿದಂತೆ ಮಂದಿರ ಬಿಗಿಯಾಗಿದೆ, ನಡುವೆ ಕಂಬಗಳು. ಎಲ್ಲಿ ನಿಂತರೂ ಬುದ್ಧನನ್ನು ಪೂರ್ತಿಯಾಗಿ ಒಮ್ಮೆಗೇ ಕಾಣಲಾಗದು. ಮುಖದಿಂದ ಆರಂಭಿಸಿ ಪಾದದ ತನಕ ನಡೆಯುತ್ತ, ಕಂಬ ಕಂಬಗಳ ನಡುವೆ ತುಂಡುತುಂಡಾಗಿ ನೋಡಿ, ಮನಸ್ಸಿನಲ್ಲಿ ಜೋಡಿಸಿಕೊಳ್ಳಬೇಕು. ಪಾದತಲದಲ್ಲಿ ಕಪ್ಪಿನ ಮೇಲೆ ಮುತ್ತಿನ ಚಿಪ್ಪಿನಿಂದ ಕೆತ್ತಿ ಕೂಡಿಸಿದ 108 ಮಂಗಳ ಚಿಹ್ನೆಗಳಿವೆ. ಹಿಂಬದಿಯ ಗೋಡೆಯುದ್ದಕ್ಕೂ 108 ಕಂಚಿನ ಪಾತ್ರೆಗಳು. ಭಕ್ತರು ಒಂದೊಂದಕ್ಕೆ ಒಂದೊಂದು ಕಾಸು ಹಾಕುತ್ತ ಸಾಗುತ್ತಾರೆ. ಆ ವಿಶಾಲ ನಿಶ್ಶಬ್ದದಲ್ಲಿ ಟಣ್, ಟಣ್ ಎಂದು ಬೀಳುವ ಕಾಸಿನ ಸದ್ದು ಕಣ್ಣು ಮುಚ್ಚಿದರೆ ಮಳೆ ನಿಂತ ಮೇಲಿನ ಸೂರಿನ ಹನಿಯಂತೆ ಕೇಳುತ್ತದೆ.

ಈ ವಿಹಾರದಲ್ಲಿ ನನ್ನನ್ನು ಬುದ್ಧನಷ್ಟೇ ಸೆಳೆದದ್ದು ಶಾಸನಗಳು. ಅದೇ ಮೂರನೆಯ ರಾಮನು ವೈದ್ಯ, ಸಾಹಿತ್ಯ, ಇತಿಹಾಸ, ಧರ್ಮ ಮೊದಲಾದ ವಿದ್ಯೆಗಳನ್ನು ಕಲ್ಲುಫಲಕಗಳಲ್ಲಿ ಕೊರೆಸಿ, ಬಂದವರೆಲ್ಲ ಓದುವಂತೆ ಗೋಡೆಗಳಲ್ಲಿ ನಿಲ್ಲಿಸಿದ. ಮನುಷ್ಯನ ಮೈಯ ಯಾವ ಭಾಗವನ್ನು ಒತ್ತಿದರೆ ಯಾವ ನೋವು ಶಮನವಾದೀತೆಂದು ತೋರಿಸುವ ಫಲಕಗಳಿವೆ; ಅಂಗಮರ್ದನದ ವಿದ್ಯೆಯನ್ನು ಇಂದಿಗೂ ಅಲ್ಲಿ ಕಲಿಸುತ್ತಾರೆ. ತಾಯ್ ವೈದ್ಯರು ತಮ್ಮ ಮೂಲಗುರುವೆಂದು ನಮಿಸುವುದು ಬುದ್ಧನ ಕಾಲದ ವೈದ್ಯ ಜೀವಕನನ್ನು. ಇಲ್ಲಿನ 1,431 ಶಾಸನಗಳನ್ನು 2011ರಲ್ಲಿ ಯುನೆಸ್ಕೊ ಜಗತ್ತಿನ ಸ್ಮೃತಿಸಂಪತ್ತಿನ ಪಟ್ಟಿಗೆ ಸೇರಿಸಿತು. ದಾನದತ್ತಿಗಳ ಶಾಸನಗಳನ್ನೂ ವೀರಗಲ್ಲುಗಳನ್ನೂ ಕಂಡ ನಮಗೆ ಇಂಥ ಪಠ್ಯಪುಸ್ತಕದ ಶಾಸನಗಳು ಹೊಸವು.

ಮೂರನೆಯ ಸ್ಥಳವನ್ನು ಪಟ್ಟಿಯಿಂದ ಹೊರಗೆ ನಾವೇ ಆರಿಸಿಕೊಂಡೆವು. ನಗರದ ನಡುವೆ ಕೆಂಪು ಬಣ್ಣದ ಎತ್ತರದ ಎರಡು ಕಂಬಗಳ ಒಂದು ತೋರಣವಿದೆ. ಅದು ದೊಡ್ಡ ಉಯ್ಯಾಲೆಯ ಚೌಕಟ್ಟು. ಮೊದಲು ನಿಂತದ್ದು 1784ರಲ್ಲಿ, ಈಗಿನ ತೇಗದ ಕಂಬಗಳನ್ನು ಪ್ರತಿಷ್ಠಾಪಿಸಿದ್ದು 2007ರಲ್ಲಿ. ಹಿಂದೆ ಶಿವನು ಭೂಮಿಗೆ ಬರುವ ಹಬ್ಬದಲ್ಲಿ ಯುವಕರು ಇಲ್ಲಿ ಮುಗಿಲೆತ್ತರಕ್ಕೆ ತೂಗಿ, ಬಿದಿರ ಗಳುವಿಗೆ ಕಟ್ಟಿದ ಹಣದ ಚೀಲವನ್ನು ಕಿತ್ತುಕೊಳ್ಳುತ್ತಿದ್ದರು. 1935ರಲ್ಲಿ ತೂಗುವುದು ನಿಂತಿತು. ಪಕ್ಕದಲ್ಲಿ ಅರಮನೆಯ ಬ್ರಾಹ್ಮಣರ ದೇವಸ್ಥಾನ. ಶಿವ, ಗಣಪತಿ, ನಾರಾಯಣರಿಗೆ ಬಿಳಿಗೋಡೆಯ ಮೂರು ಸರಳ ಗುಡಿಗಳು. ಆ ಹಬ್ಬದ ಹೆಸರು ‘ತ್ರಿಯಂಪವಾಯ್ ತ್ರಿಪವಾಯ್’. ಕಿವಿಗೊಟ್ಟು ಕೇಳಿದರೆ ತಿರುವೆಂಬಾವೈ, ತಿರುಪ್ಪಾವೈ! ಮಾಣಿಕ್ಯವಾಚಕರದೂ ಆಂಡಾಳದೂ ಆದ ತಮಿಳು ಹಾಡುಗಳು. ನಮ್ಮಲ್ಲಿಯೂ ಮೇಲುಕೋಟೆಯಂಥ ಕಡೆ ಧನುರ್ಮಾಸದ ಚಳಿಯಲ್ಲಿ ತಿರುಪ್ಪಾವೈ ಕೇಳಿಬರುತ್ತದೆ. ಸಮುದ್ರ ದಾಟಿದ ಹಾಡು ತಲೆಮಾರುಗಳ ನಾಲಗೆಯ ಮೇಲೆ ಹಾಯ್ದು, ತನ್ನ ಭಾಷೆಯನ್ನು ಮರೆತು, ಮಂತ್ರವಾಗಿ ಬದುಕಿದೆ. ಅದನ್ನು ತಿದ್ದಿ ಮತ್ತೆ ತಮಿಳಾಗಿಸಿದರೆ ವಿದ್ವಾಂಸರಿಗೆ ಪ್ರಯೋಜನವಾದೀತು. ಅದನ್ನು ಹಾಗೆಯೇ ಪಠಿಸುವ ಆ ಪುರೋಹಿತರಿಗೆ ಪೂಜೆ ಪೂರ್ಣವಾಗಿಯೇ ಇದೆ.

ಮಧ್ಯಾಹ್ನದ ಬಿಸಿಲೇರುವ ಹೊತ್ತಿಗೆ ನಮ್ಮ ಅರ್ಧ ದಿನ ಮುಗಿಯಿತು. ಬೀಳ್ಕೊಳ್ಳುವಾಗ ಮಾರ್ಗದರ್ಶಿ ಕೈ ಮುಗಿದು ‘ಸವದ್ದಿ’ ಎಂದರು. ಇದು ‘ಸ್ವಸ್ತಿ’ಯಿಂದ ಬಂದ ಮಾತು, ಆದರೆ ಬಹಳ ಹಳೆಯದಲ್ಲ. 1930ರ ದಶಕದಲ್ಲಿ ಅಲ್ಲಿಯ ಪ್ರಾಧ್ಯಾಪಕರೊಬ್ಬರು ರೂಪಿಸಿ ಬಳಕೆಗೆ ತಂದದ್ದು. ನಮ್ಮ ಶಾಸನಗಳ ಮೊದಲ ಪದ ಅಲ್ಲಿ ಕಳೆದ ಶತಮಾನದಲ್ಲಿ ಹೊಸದಾಗಿ ಹುಟ್ಟಿ, ಬಂದವರನ್ನು ಕರೆಯಲೂ ಹೋಗುವವರನ್ನು ಕಳಿಸಲೂ ಆಗಿಬರುತ್ತಿದೆ.

ನಿಮ್ಮಲ್ಲಿ ಯಾರಿಗಾದರೂ ಆ ನಗರದಲ್ಲಿ ಒಂದು ಬೆಳಗು ದೊರೆತರೆ ಈ ಅರಿಕೆ: ಒಳ್ಳೆಯ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಳ್ಳಿ, ಬಿಸಿಲಿಗೆ ಮೊದಲು ಹೊರಡಿ, ಪಟ್ಟಿಯಲ್ಲಿ ಎರಡನ್ನು ಹೊಡೆದುಹಾಕಿ. ರಾಮಕಥೆಯ ಗೋಡೆಯ ಮುಂದೆ ನಿಂತಾಗ, ನಿಮಗೆ ತಿಳಿದ ಕಥೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ‘ನಿಮ್ಮಲ್ಲಿ ಇದನ್ನು ಹೇಗೆ ಹೇಳುತ್ತಾರೆ?’ ಎಂದು ಕೇಳಿ. ಆಮೇಲೆ ಬೇಕಾದರೆ ನಮ್ಮ ಸೀನಿನ ಕಥೆಯನ್ನು ಹೇಳಿ. ಕೇಳಿದವರು ನಗುತ್ತಾರೆ, ನಿಮಗೆ ಇನ್ನೊಂದು ಕಥೆ ಹೇಳುತ್ತಾರೆ.