ವಿಯೆನ್ನಾದ ಒಪ್ಪಂದ, ಮಂಗಳೂರಿನ ತೈಲ



ಇರಾನಿನ ಅಣು ಒಪ್ಪಂದಕ್ಕೂ ನಮ್ಮ ಹಾಲುರಾಮೇಶ್ವರಕ್ಕೂ ಏನು ಸಂಬಂಧವೆಂದು ಕೆಲವರಿಗೆ ಅನಿಸಬಹುದು. ಅದರ ಒಂದು ತುದಿ ನಮ್ಮ ರಾಜ್ಯದಲ್ಲೇ ಇತ್ತು. ಮಂಗಳೂರಿನ ಎಂ.ಆರ್.ಪಿ.ಎಲ್. ತೈಲ ಶುದ್ಧೀಕರಣ ಕಾರ್ಖಾನೆ ಹಲವು ವರ್ಷ ಇರಾನಿನ ಕಚ್ಚಾತೈಲದ ದೊಡ್ಡ ಗಿರಾಕಿಯಾಗಿತ್ತು.

ನಿರ್ಬಂಧವೆಂದರೆ ಯುದ್ಧನೌಕೆ ಅಡ್ಡ ನಿಲ್ಲಿಸುವುದೆಂದು ಮಕ್ಕಳು ತಿಳಿಯುತ್ತಾರೆ. ಹೆಚ್ಚಾಗಿ ಅದು ಬ್ಯಾಂಕು ಮತ್ತು ವಿಮೆಯ ಮೂಲಕ ಬರುತ್ತದೆ. ಇರಾನಿನ ತೈಲ ಸಾಗಿಸುವ ಹಡಗುಗಳಿಗೆ 2012ರ ಜುಲೈಯಿಂದ ಯುರೋಪಿನ ವಿಮೆ ನಿಂತಿತು. 2013ರಲ್ಲಿ ಅಂಥ ತೈಲ ಬಳಸುವ ಕಾರ್ಖಾನೆಗಳ ವಿಮೆಗೂ ತೊಡಕಾಗಿ, ಎಂ.ಆರ್.ಪಿ.ಎಲ್. ಕೆಲವು ತಿಂಗಳು ಆಮದನ್ನೇ ನಿಲ್ಲಿಸಿತು. ಡಾಲರಿನ ದಾರಿ ಮುಚ್ಚಿದ್ದರಿಂದ ತೈಲದ ಬೆಲೆಯಲ್ಲಿ ಶೇ. 45ರಷ್ಟನ್ನು ಯೂಕೋ ಬ್ಯಾಂಕಿನಲ್ಲಿ ರೂಪಾಯಿಯಾಗಿ ಜಮಾ ಮಾಡುವ ಏರ್ಪಾಡಾಯಿತು. ಆ ಹಣದಿಂದ ಇರಾನ್ ನಮ್ಮಿಂದ ಅಕ್ಕಿ ಮುಂತಾದವನ್ನು ಕೊಂಡಿತು.

ಈ ಕಟ್ಟು ಸಡಿಲವಾದದ್ದು 2015ರ ಜುಲೈ 14ರ ವಿಯೆನ್ನಾ ಒಪ್ಪಂದದಿಂದ. ಒಂದು ಕಡೆ ಇರಾನ್. ಇನ್ನೊಂದು ಕಡೆ ಅಮೆರಿಕ, ಬ್ರಿಟನ್, ಫ್ರಾನ್ಸ್, ಜರ್ಮನಿ, ರಷ್ಯಾ, ಚೀನಾ ಮತ್ತು ಯುರೋಪಿಯನ್ ಒಕ್ಕೂಟ. ಯುರೇನಿಯಂ ಸಂವರ್ಧನೆ ಶೇ. 3.67 ದಾಟಬಾರದು, ದಾಸ್ತಾನು 300 ಕಿಲೋ ಮೀರಬಾರದು, ಅಂತಾರಾಷ್ಟ್ರೀಯ ಪರಿಶೀಲಕರಿಗೆ ಬಾಗಿಲು ತೆರೆದಿರಬೇಕು. ಪ್ರತಿಯಾಗಿ ಅಣು ಕಾರ್ಯಕ್ರಮದ ಮೇಲಿನ ನಿರ್ಬಂಧಗಳು ಸರಿಯಬೇಕು.

ಉರ್ದು ಓದುವ ಮಕ್ಕಳು ಗಮನಿಸಬೇಕು. ‘ಪಾಬಂದಿ’ ಎಂದರೆ ನಿರ್ಬಂಧ. ಕೊಟ್ಟ ಮಾತನ್ನು ತಪ್ಪದೆ ಪಾಲಿಸುವುದಕ್ಕೂ ಅದೇ ಪದ. ಇರಾನ್ ಎರಡನೆಯ ಪಾಬಂದಿಯಲ್ಲಿ ಇದೆಯೆಂದು ಪರಿಶೀಲಕರು ವರದಿ ಮಾಡುತ್ತಿದ್ದಾಗಲೇ, 2018ರ ಮೇ 8ರಂದು ಅಧ್ಯಕ್ಷ ಟ್ರಂಪ್ ಅಮೆರಿಕವನ್ನು ಹೊರತೆಗೆದು ಮೊದಲನೆಯದನ್ನು ಮತ್ತೆ ಹೇರಿದರು.

ಯುರೋಪಿನವರು ಇದನ್ನು ಒಪ್ಪಲಿಲ್ಲ. ಅಮೆರಿಕದ ನಿರ್ಬಂಧಕ್ಕೆ ತಮ್ಮ ಕಂಪನಿಗಳು ತಲೆಬಾಗಬಾರದೆಂಬ ಕಾನೂನನ್ನೂ ಜಾರಿಗೆ ತಂದರು. ಆದರೂ ಫ್ರಾನ್ಸಿನ ಟೋಟಲ್ ಕಂಪನಿ ಇರಾನಿನಿಂದ ಎದ್ದುಬಂತು. ಅಮೆರಿಕದ ಮಾರುಕಟ್ಟೆ ಕೈತಪ್ಪುವ ಭಯದ ಮುಂದೆ ಆ ಕಾನೂನು ನಡೆಯಲಿಲ್ಲ. ಡಾಲರಿಲ್ಲದೆ ವ್ಯಾಪಾರ ಮಾಡಲು 2019ರಲ್ಲಿ ಕಟ್ಟಿದ ‘ಇನ್‌ಸ್ಟೆಕ್ಸ್’ ಒಂದು ಔಷಧ ವ್ಯವಹಾರ ಮಾಡಿ, 2023ರಲ್ಲಿ ಮುಚ್ಚಿತು. ನನ್ನ ಅಭಿಪ್ರಾಯದಲ್ಲಿ ಒಪ್ಪಂದ ನಿಜವಾಗಿ ಸೋತದ್ದು ಇಲ್ಲೇ. ಉಳಿಸುತ್ತೇವೆಂದವರು ಒಂದು ಹಡಗು ತೈಲವನ್ನಾದರೂ ಧೈರ್ಯವಾಗಿ ಕೊಂಡಿದ್ದರೆ ಮಾತಿಗೆ ತೂಕವಿರುತ್ತಿತ್ತು.

ನಾವೇನು ಮಾಡಿದೆವು? ಭಾರತ ವಿಶ್ವಸಂಸ್ಥೆಯ ನಿರ್ಬಂಧಗಳನ್ನು ಮಾತ್ರ ಪಾಲಿಸುತ್ತದೆಂದು ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ 2018ರ ಮೇ ತಿಂಗಳಲ್ಲಿ ಹೇಳಿದ್ದರು. 2019ರ ಮೇ ತಿಂಗಳಲ್ಲಿ ಅಮೆರಿಕ ಕೊಟ್ಟಿದ್ದ ವಿನಾಯಿತಿ ಮುಗಿಯಿತು. ನಮ್ಮ ಖರೀದಿಯೂ ನಿಂತಿತು.

ಇರಾನನ್ನೂ ಪೂರ್ತಿ ಸಮರ್ಥಿಸಲಾರೆ. 2021ರಲ್ಲಿ ಅದು ಶೇ. 60ರ ಸಂವರ್ಧನೆಗೆ ಕೈಹಾಕಿತು. ವಿದ್ಯುತ್ ಸ್ಥಾವರಕ್ಕೆ ಅಷ್ಟು ಬೇಕಿಲ್ಲ. 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಅಮೆರಿಕ ಅದರ ಅಣು ಕೇಂದ್ರಗಳ ಮೇಲೆ ಬಾಂಬು ಹಾಕಿದವು. ಆಗಸ್ಟ್ 28ರಂದು, ಒಪ್ಪಂದ ಉಳಿಸಲು ಓಡಾಡಿದ್ದ ಬ್ರಿಟನ್, ಫ್ರಾನ್ಸ್, ಜರ್ಮನಿಗಳೇ ವಿಶ್ವಸಂಸ್ಥೆಯ ಹಳೆಯ ನಿರ್ಬಂಧಗಳನ್ನು ಮರಳಿ ತರುವ ನೋಟಿಸು ಕೊಟ್ಟವು. ಸೆಪ್ಟೆಂಬರ್ ಕೊನೆಗೆ ಅವು ಜಾರಿಯಾದವೆಂದು ಆ ಮೂವರು ಹೇಳಿದರು. ಅದಕ್ಕೆ ಕಾನೂನಿನ ಬಲವಿಲ್ಲವೆಂದು ರಷ್ಯಾ, ಚೀನಾ ಹೇಳಿದವು.

ವಿದ್ಯಾರ್ಥಿಗಳ ಪ್ರಶ್ನೆಗಳಿದ್ದರೆ ಈಗ ಕೇಳಬಹುದು.